ಬೆಂಗಳೂರು ಎಫ್‌ಸಿ ಈ ಸಲ ಎಷ್ಟನೇ ಸ್ಥಾನ? ಆ ಪ್ರಶ್ನೆಯನ್ನೇ ಬಿಟ್ಟುಬಿಡಿ

ಪ್ರತಿ ಫುಟ್‌ಬಾಲ್ ಸೀಸನ್ ಶುರುವಾಗುವ ಮುಂಚೆ ನಮ್ಮ ಬೆಂಗಳೂರು ಎಫ್‌ಸಿ ಲೀಗಿನಲ್ಲಿ ಎಷ್ಟನೇ ಸ್ಥಾನಕ್ಕೆ ಬರುತ್ತದೆ ಅಂತ ಗೆಳೆಯರ ಗುಂಪಿನಲ್ಲಿ ಬರೆಯುತ್ತೀರಿ, ಪ್ರತಿ ಸಲ ಸುಳ್ಳಾಗುತ್ತದೆ. ಸರಿಯಾಗಿ ಊಹಿಸುವ ದಾರಿ ಇದೆಯಾ, ಇಲ್ಲಾಂದ್ರೆ ಈ ಸಲ ಸುಮ್ನೆ ಕೆಳಗಿನ ಸ್ಥಾನ ಬರೆದುಬಿಡಲಾ ಅಂತ ಕೇಳಿದ್ದೀರಿ. 2023ರಲ್ಲಿ ನಾನು ನೀವೇ ಆಗಿದ್ದೆ.

ಆ ವರ್ಷ ನಮ್ಮ ಕಾಲು ನೆಲದ ಮೇಲೆ ಇರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಕೋಲ್ಕತ್ತಾದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದಿದ್ದೆವು. 2023ರ ಮಾರ್ಚ್‌ನಲ್ಲಿ ದೇಶದ ದೊಡ್ಡ ಲೀಗ್ ಆದ ಐಎಸ್ಎಲ್‌ನ (ಇಂಡಿಯನ್ ಸೂಪರ್ ಲೀಗ್) ಫೈನಲ್, ಏಪ್ರಿಲ್‌ನಲ್ಲಿ ಸೂಪರ್ ಕಪ್ ಫೈನಲ್. ಎರಡನ್ನೂ ಸೋತೆವು, ನಿಜ. ಆದರೆ ಒಂದೇ ಸೀಸನ್ನಿನಲ್ಲಿ ಮೂರು ಫೈನಲ್ ಅಂದರೆ ಸುಮ್ನೆ ಅಲ್ಲ. ಅದರ ಮೇಲೆ ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದಿದ್ದೆವು. ನಮ್ಮ ಬದ್ಧ ಎದುರಾಳಿ ಕೇರಳ ಬ್ಲಾಸ್ಟರ್ಸ್ ತಮ್ಮ ಆಟಗಾರರ ಗೋಡೆ ನಿಲ್ಲಿಸಿಕೊಳ್ಳುವ ಮೊದಲೇ ನಮ್ಮ ಸುನಿಲ್ ಛೆಟ್ರಿ ಫ್ರೀಕಿಕ್ ಒದ್ದು ಗೋಲು ಹಾಕಿದ, ಅವರು ಮೈದಾನ ಬಿಟ್ಟು ಹೊರನಡೆದ ಆ ರಾತ್ರಿಯೂ ಅದೇ ಮಾರ್ಚ್‌ನದ್ದು. ಇಷ್ಟೆಲ್ಲ ನೋಡಿದವನು ಮುಂದಿನ ಸೀಸನ್ ಬಗ್ಗೆ ಏನು ಬರೆಯುತ್ತಾನೆ ಹೇಳಿ? "ಟಾಪ್ ಟೂ. ಬರೆದಿಟ್ಕೊಳ್ಳಿ" ಅಂತ ಬರೆದೆ. ಅದಕ್ಕೆ ಕಾರಣಗಳನ್ನೂ ಉದ್ದಕ್ಕೆ ಬರೆದೆ.

ನನ್ನ ಚಿಕ್ಕಪ್ಪನ ಮಗ ಅದೇ ಗುಂಪಿನಲ್ಲಿದ್ದ. ನಮ್ಮ ತವರು ಮೈದಾನ ಕಂಠೀರವದ ವೆಸ್ಟ್ ಬ್ಲಾಕ್‌ಗೆ, ಅಂದರೆ ಅಭಿಮಾನಿಗಳು ಗುಂಪಾಗಿ ಸೇರುವ ಸ್ಟ್ಯಾಂಡಿಗೆ, ನನ್ನ ಜೊತೆ ಬರುತ್ತಿದ್ದವನು. ಅವನು ಒಂದೇ ಸಾಲು ಬರೆದ: "ಅಣ್ಣಾ, ಈ ಸಲ ಪ್ಲೇಆಫ್‌ಗೂ ಹೋಗಲ್ಲ ನೋಡು. ಯಾರ್ಯಾರು ಹೋದ್ರು ಅಂತ ಲೆಕ್ಕ ಹಾಕು." ಪ್ಲೇಆಫ್ ಅಂದರೆ ಲೀಗಿನ ಮೊದಲ ಆರು ತಂಡಗಳು ಕಪ್‌ಗಾಗಿ ಆಡುವ ಸುತ್ತು.

ನಾನು ಲೆಕ್ಕ ಹಾಕಲಿಲ್ಲ. "ಟೀಮ್ ಮೇಲೆ ನಂಬಿಕೆ ಇಲ್ಲ ಅಂದ್ರೆ ಸ್ಟೇಡಿಯಂಗೆ ಬರೋದ್ಯಾಕೆ?" ಅಂತ ಎಲ್ಲರ ಎದುರಿಗೆ ಬರೆದೆ. ಅವನು ಉತ್ತರ ಕೊಡಲಿಲ್ಲ. ಆ ಸೀಸನ್ ಪೂರ್ತಿ ನನ್ನ ಜೊತೆ ಬರಲೂ ಇಲ್ಲ.

ಮುಂದಿನದು ನಿಮಗೆ ಗೊತ್ತೇ ಇದೆ. 22 ಪಂದ್ಯ, 22 ಅಂಕ, 12 ತಂಡಗಳಲ್ಲಿ ಹತ್ತನೇ ಸ್ಥಾನ. ಮೊದಲ ಪಂದ್ಯ ಕೊಚ್ಚಿಯಲ್ಲಿ ಸೋತೆವು, ಎರಡನೆಯದು ಮೋಹನ್ ಬಗಾನ್ ಎದುರು ಸೋತೆವು. ಡಿಸೆಂಬರಿನಲ್ಲಿ ಮುಂಬೈ ಸಿಟಿ ಕಂಠೀರವಕ್ಕೇ ಬಂದು ನಾಲ್ಕು ಗೋಲು ಹಾಕಿ ಹೋಯಿತು. ಅದರ ಬೆನ್ನಿಗೇ ಕೋಚ್ ಸೈಮನ್ ಗ್ರೇಸನ್ ಹೊರಟರು. ಆ ಪಂದ್ಯದ ದಿನ ನಾನು ಮಾಡುತ್ತಿದ್ದದ್ದನ್ನು ಹೇಳಬೇಕು. ರನ್ನಿಂಗ್ ಟ್ರ್ಯಾಕಿನ ಆಚೆ ನಮ್ಮ ಡಿಫೆಂಡರ್‌ಗಳು ತಡವರಿಸುತ್ತಿದ್ದರು. ಸುತ್ತಲಿನವರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರು. ನಾನು ಮಾತ್ರ ತಲೆ ಬಗ್ಗಿಸಿ ಮೊಬೈಲಿನಲ್ಲಿ ಅಂಕಪಟ್ಟಿ ತೆಗೆದು, ಉಳಿದ ಪಂದ್ಯಗಳಲ್ಲಿ ಎಷ್ಟು ಗೆದ್ದರೆ ಇನ್ನೂ ಮೇಲಕ್ಕೆ ಹೋಗಬಹುದು ಅಂತ ಕೂಡಿಸುತ್ತಿದ್ದೆ. ಮೂರನೇ ಗೋಲು ಹೇಗೆ ಬಿತ್ತು ಅಂತ ನನಗೆ ಇವತ್ತಿಗೂ ನೆನಪಿಲ್ಲ. ನೋಡಿದ್ದರೆ ತಾನೇ ನೆನಪಿರೋದು? ತಂಡದ ಆಟ ನೋಡಲು ಹೋದವನು ನನ್ನ ಮಾತು ಉಳಿಯುತ್ತಾ ಅಂತ ನೋಡುತ್ತಾ ಕೂತಿದ್ದೆ.

ನನ್ನ ಲೆಕ್ಕ ಎಲ್ಲಿ ಕೆಟ್ಟಿತು ಅನ್ನುವುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ತಪ್ಪುವುದು ಇದೇ ಜಾಗದಲ್ಲಿ.

2022-23ರಲ್ಲಿ ನಮ್ಮದು 20 ಪಂದ್ಯಕ್ಕೆ 34 ಅಂಕ, ನಾಲ್ಕನೇ ಸ್ಥಾನ. ಕೊನೆಯ ಎಂಟು ಗೆಲುವಿಗೇ 24 ಅಂಕ. ಹಾಗಾದರೆ ಮೊದಲ 12 ಪಂದ್ಯಗಳಲ್ಲಿ ಸಿಕ್ಕಿದ್ದೆಷ್ಟು? ಬರೀ ಹತ್ತು. ಆ ಹನ್ನೆರಡರಲ್ಲಿ ಎಂಟು ಸೋಲು. ಅದೇ ತಂಡ, ಅದೇ ಕೋಚ್, ಅದೇ ಸೀಸನ್. ನಾನು ಎಂಟು ಗೆಲುವಿನ ತಂಡವೇ ನಿಜವಾದ ತಂಡ, ಮೊದಲ ಹನ್ನೆರಡು ಏನೋ ಗ್ರಹಚಾರ ಅಂದುಕೊಂಡೆ. ಕೊನೆಯಲ್ಲಿ ನೋಡಿದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ಮೊದಲು ನೋಡಿದ್ದು ಅಳಿಸಿ ಹೋಗುತ್ತದೆ. ಆದರೆ ಮುಂದಿನ ಸೀಸನ್ನಿನ 22 ಪಂದ್ಯ, 22 ಅಂಕ ಯಾವುದಕ್ಕೆ ಹತ್ತಿರ? ಹನ್ನೆರಡಕ್ಕೆ ಹತ್ತು ಅಂಕ ತೆಗೆದ ತಂಡಕ್ಕೇ ಹತ್ತಿರ. ಎಂಟಕ್ಕೆ ಇಪ್ಪತ್ನಾಲ್ಕು ತೆಗೆದ ತಂಡದ ಹತ್ತಿರಕ್ಕೂ ಇಲ್ಲ.

ಎರಡನೆಯದು, ಆ ಎಂಟು ಪಂದ್ಯಗಳನ್ನು ಗೆದ್ದವರು ಉಳಿದಿದ್ದಾರಾ ಅಂತಲೇ ನೋಡಲಿಲ್ಲ. ಫೈನಲ್‌ನಲ್ಲಿ ಎರಡನೇ ಗೋಲು ಹಾಕಿದ್ದ ರಾಯ್ ಕೃಷ್ಣ ಒಡಿಶಾಕ್ಕೆ ಹೋದ. ಡಿಫೆನ್ಸ್‌ನ ಸಂದೇಶ್ ಝಿಂಗನ್ ಗೋವಾಕ್ಕೆ ಹೋದ. 2014ರಿಂದ ನಮ್ಮ ಜೊತೆಗಿದ್ದ ಉದಾಂತ ಸಿಂಗ್ ಕೂಡ ಗೋವಾಕ್ಕೇ ಹೋದ. ಬಲಗಡೆ ಓಡುತ್ತಿದ್ದ ಪ್ರಬೀರ್ ದಾಸ್ ಬ್ಲಾಸ್ಟರ್ಸ್‌ಗೆ ಹೋದ, ಅದೂ ಬ್ಲಾಸ್ಟರ್ಸ್‌ಗೆ! ನಾನು ರಯಾನ್ ವಿಲಿಯಮ್ಸ್ ಬರುತ್ತಾನೆ, ಕರ್ಟಿಸ್ ಮೇನ್ ಬರುತ್ತಾನೆ ಅಂತ ಬಂದವರ ವಿಡಿಯೋ ನೋಡುತ್ತಾ ಕೂತೆ. ಹೊಸಬರ ವಿಡಿಯೋದಲ್ಲಿ ಗೋಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಹೋದವರು ಏನು ಮಾಡುತ್ತಿದ್ದರು ಅಂತ ತೋರಿಸುವ ವಿಡಿಯೋ ಯಾರೂ ಮಾಡುವುದಿಲ್ಲ.

ಇನ್ನೊಂದು ಚಿಕ್ಕ ವಿಷಯ, ಆದರೆ ಚಿಕ್ಕದಲ್ಲ. ಆ ಸೆಪ್ಟೆಂಬರಿನಲ್ಲಿ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ಇತ್ತು, ಛೆಟ್ರಿ ಭಾರತದ ತಂಡದ ಜೊತೆ ಅಲ್ಲಿದ್ದ. ಲೀಗಿನ ಶುರುವಿನಲ್ಲಿ ಅವನು ಇರುವುದಿಲ್ಲ ಅನ್ನುವುದು ಕ್ಯಾಲೆಂಡರ್ ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ನನ್ನ ಉದ್ದನೆಯ ಬರಹದಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಇದೆಲ್ಲ ಲೆಕ್ಕದ ತಪ್ಪು. ತಿದ್ದಿಕೊಳ್ಳಬಹುದು. ನನಗೆ ದುಬಾರಿಯಾದದ್ದು ಬೇರೆ. ಊಹೆಯನ್ನು ನಾನು ನಿಷ್ಠೆಯ ಅಳತೆಗೋಲು ಮಾಡಿಕೊಂಡಿದ್ದೆ. ಮೇಲಿನ ಸ್ಥಾನ ಬರೆದವನು ನಿಜವಾದ ಅಭಿಮಾನಿ, ಕೆಳಗಿನ ಸ್ಥಾನ ಬರೆದವನು ದ್ರೋಹಿ ಅನ್ನುವ ಹಾಗೆ. ನನ್ನ ತಮ್ಮ ತಂಡವನ್ನು ನನಗಿಂತ ಹತ್ತಿರದಿಂದ ನೋಡುತ್ತಿದ್ದ, ಅದಕ್ಕೇ ಅವನಿಗೆ ಭಯ ಇತ್ತು. ಅವನ ಭಯವೂ ಪ್ರೀತಿಯೇ ಅಂತ ನನಗೆ ಹೊಳೆಯಲಿಲ್ಲ. ಯಾಕೆ ಹಾಗಂದೆ ಅಂತ ಒಂದು ಮಾತು ಕೇಳಿದ್ದರೆ ಮೇಲೆ ಬರೆದದ್ದನ್ನೆಲ್ಲ ಅವನೇ ಆಗಸ್ಟಿನಲ್ಲೇ ಹೇಳುತ್ತಿದ್ದ.

ಈಗ ನಿಮ್ಮ ಎರಡನೇ ಮಾತಿಗೆ ಬರುತ್ತೇನೆ. ಕೆಳಗಿನ ಸ್ಥಾನ ಬರೆದುಬಿಡಲಾ ಅಂದಿರಿ. ಬೇಡ. ಅದನ್ನೂ ನಾನು ಮಾಡಿ ನೋಡಿದ್ದೇನೆ. 2024ರಲ್ಲಿ ಒಳಗೊಳಗೇ ಹೆದರಿ "ಎಂಟನೇ ಸ್ಥಾನ, ಅದಕ್ಕಿಂತ ಜಾಸ್ತಿ ಆಸೆ ಬೇಡ" ಅಂತ ಬರೆದೆ. ಆ ವರ್ಷದ ಜೂನ್‌ನಲ್ಲಿ ಛೆಟ್ರಿ ದೇಶದ ತಂಡದಿಂದ ನಿವೃತ್ತನಾಗಿದ್ದ, ಆಗಸ್ಟ್‌ನಲ್ಲಿ 40 ತುಂಬಿತು. ಇವನಿನ್ನು ಎಷ್ಟು ಗೋಲು ಹಾಕಿಯಾನು ಅಂದುಕೊಂಡೆ. ಅವನು 14 ಹಾಕಿದ! ಆ ಸೀಸನ್ನಿನಲ್ಲಿ ಯಾವ ಭಾರತೀಯನೂ ಅಷ್ಟು ಹಾಕಲಿಲ್ಲ. ನಾವು ಮೂರನೇ ಸ್ಥಾನಕ್ಕೆ ಬಂದೆವು. ಪ್ಲೇಆಫ್‌ನಲ್ಲಿ ಮುಂಬೈಯನ್ನು 5-0ರಿಂದ ಸೋಲಿಸಿದೆವು. ಸೆಮಿಫೈನಲ್‌ನಲ್ಲಿ ಗೋವಾ ಎದುರು ಎರಡನೇ ಲೆಗ್‌ನ ಇಂಜುರಿ ಟೈಮ್‌ನಲ್ಲಿ ಅದೇ ಛೆಟ್ರಿ ಹೆಡರ್‌ನಿಂದ, ಅಂದರೆ ತಲೆಯಿಂದ, ಗೋಲು ಹಾಕಿ ನಮ್ಮನ್ನು ಫೈನಲ್‌ಗೆ ದಾಟಿಸಿದ. ಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತೆವು. ಹೆದರಿ ಬರೆದ ಊಹೆ ಕೂಡ ಊಹೆಯೇ, ಅದರಲ್ಲಿ ಜಾಣತನ ಏನೂ ಇಲ್ಲ. ಮುಂಚೆ ಎಂಟು ಗೆಲುವು ಕಣ್ಣು ಕಟ್ಟಿತ್ತು, ಈಗ ಹತ್ತನೇ ಸ್ಥಾನ ಕಣ್ಣು ಕಟ್ಟಿತ್ತು, ಅಷ್ಟೇ.

ನನ್ನ ಖಡಾಖಂಡಿತ ಅಭಿಪ್ರಾಯ ಇದು: ಸ್ಥಾನವನ್ನು ಊಹಿಸುವುದಕ್ಕೆ ಅರ್ಥವೇ ಇಲ್ಲ. 2024-25ರ ಪಟ್ಟಿ ತೆಗೆದು ನೋಡಿ. ಮೂರನೆಯ ನಾವು 38 ಅಂಕ, ನಾಲ್ಕನೆಯ ನಾರ್ತ್‌ಈಸ್ಟ್ 38, ಐದನೆಯ ಜಮ್‌ಶೆಡ್‌ಪುರ 38, ಆರನೆಯ ಮುಂಬೈ 36. ಮೂರಕ್ಕೂ ಆರಕ್ಕೂ ನಡುವೆ ಎರಡೇ ಅಂಕ. 24 ಪಂದ್ಯಗಳಲ್ಲಿ ಒಂದು ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಗದೆ ಹೊರಗೆ ಹೋಗಿದ್ದರೆ ಮೂರನೇ ಸ್ಥಾನ ಬರೆದವನು ಸುಳ್ಳಾಗಿ ಐದನೇ ಸ್ಥಾನ ಬರೆದವನು ಪಂಡಿತನಾಗುತ್ತಿದ್ದ. ಇದನ್ನು ಯಾರು ಆಗಸ್ಟಿನಲ್ಲಿ ಲೆಕ್ಕ ಹಾಕುತ್ತಾರೆ?

ದೊಡ್ಡ ಲೀಗುಗಳಲ್ಲಿ ಇದು ಸುಲಭ ಅಂತ ಯಾರಾದರೂ ಹೇಳಿದರೆ ಚೆಲ್ಸಿಯನ್ನು ನೆನಪಿಸಿ. 2014-15ರಲ್ಲಿ ಚಾಂಪಿಯನ್, ಮುಂದಿನ ವರ್ಷ ಹತ್ತನೇ ಸ್ಥಾನ, ಅದರ ಮುಂದಿನ ವರ್ಷ ಮತ್ತೆ ಚಾಂಪಿಯನ್. ಅಷ್ಟು ದುಡ್ಡು, ಅಷ್ಟು ಪಂಡಿತರು ಇದ್ದೂ ಹೀಗೆ.

ಊಹೆ ನಿಜವಾದರೂ ಏನು ಸಿಗುತ್ತದೆ ಹೇಳಿ. 2017-18 ಐಎಸ್ಎಲ್‌ನಲ್ಲಿ ನಮ್ಮ ಮೊದಲ ಸೀಸನ್. 18 ಪಂದ್ಯಕ್ಕೆ 40 ಅಂಕ, ಎರಡನೆಯವರಿಗಿಂತ ಎಂಟು ಅಂಕ ಮುಂದೆ. ನಾವೇ ಮೊದಲು ಬರುತ್ತೇವೆ ಅಂದವರ ಮಾತು ಪೂರ್ತಿ ನಿಜವಾಯಿತು. ಆಮೇಲೆ ಫೈನಲ್, ಅದೂ ನಮ್ಮ ಕಂಠೀರವದಲ್ಲೇ. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು, ಸ್ಟೇಡಿಯಂ ಕಿತ್ತುಹೋಗುವ ಹಾಗೆ ಕೂಗು. ಆಮೇಲೆ ಎರಡು ಕಾರ್ನರ್, ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್‌ನ ಎರಡು ಹೆಡರ್. ಕೊನೆಗೆ 3-2ರಿಂದ ಸೋತೆವು. ಆ ರಾತ್ರಿ ಮನೆಗೆ ಹೋಗುವಾಗ ಪಟ್ಟಿಯಲ್ಲಿ ಮೊದಲ ಸ್ಥಾನ ಊಹಿಸಿದ್ದೆ ಅಂತ ಖುಷಿಪಟ್ಟವನು ಒಬ್ಬನೂ ನನಗೆ ಕಾಣಲಿಲ್ಲ. ಮುಂದಿನ ವರ್ಷ ಗೋವಾ ಎದುರು 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೆಡರ್ ಹಾಕಿ ಕಪ್ ತಂದುಕೊಟ್ಟಾಗಲೂ ಊಹೆಯ ಪಟ್ಟಿ ಯಾರಿಗೂ ನೆನಪಿರಲಿಲ್ಲ.

2025ರಲ್ಲಂತೂ ಎಲ್ಲರ ಪಟ್ಟಿಯೂ ಬಿದ್ದುಹೋಯಿತು. ಲೀಗ್ ನಡೆಸುವವರಿಗೂ ದೇಶದ ಫುಟ್‌ಬಾಲ್ ಫೆಡರೇಷನ್‌ಗೂ ಇದ್ದ ಒಪ್ಪಂದದ ಗೊಂದಲದಲ್ಲಿ ಜುಲೈನಲ್ಲಿ ಸೀಸನ್ನನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಮೊದಲ ತಂಡದವರ ಸಂಬಳ ನಿಲ್ಲಿಸುತ್ತಿದ್ದೇವೆ ಅಂತ ಪ್ರಕಟಿಸಿತು. ನಾವು ಎಷ್ಟನೇ ಸ್ಥಾನ ಅಂತ ಜಗಳ ಆಡುವ ಹೊತ್ತಿನಲ್ಲಿ ಪಂದ್ಯವೇ ನಡೆಯುತ್ತಾ ಇಲ್ವಾ ಅಂತ ಕಾಯುವ ಹಾಗಾಯಿತು.

ಹಾಗಂತ ಗುಂಪಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಿ ಅಂತ ನಾನು ಹೇಳುತ್ತಿಲ್ಲ. ಸೀಸನ್ ಮುಂಚಿನ ಆ ಮಾತುಕತೆ ಇಲ್ಲದಿದ್ದರೆ ಫುಟ್‌ಬಾಲ್ ಅಭಿಮಾನದ ಅರ್ಧ ಸುಖವೇ ಇಲ್ಲ. ಸ್ಥಾನದ ಬದಲು ಬೇರೆ ಏನಾದರೂ ಬರೆಯಿರಿ. ಹೋದ ಸೀಸನ್ನನ್ನು ಎರಡು ಭಾಗ ಮಾಡಿ, ಯಾವ ಭಾಗ ನಿಜವಾದ ತಂಡ ಅನಿಸುತ್ತದೆ, ಯಾಕೆ ಅಂತ ಬರೆಯಿರಿ. ಹೋದವರ ಕೆಲಸ ಈಗ ಯಾರ ಹೆಗಲಿಗೆ ಬಿತ್ತು ಅಂತ ಹೆಸರು ಹಿಡಿದು ಬರೆಯಿರಿ. ಛೆಟ್ರಿ ಗೋಲು ಹಾಕದ ದಿನ ಯಾರು ಹಾಕುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕುವುದು ಎಷ್ಟನೇ ಸ್ಥಾನ ಅನ್ನುವುದಕ್ಕಿಂತ ಸಾವಿರ ಪಾಲು ಮೇಲು, ಯಾಕೆಂದರೆ ಅದಕ್ಕೆ ಆಟ ನೋಡಲೇಬೇಕು. ಮೊದಲ ಐದು ಪಂದ್ಯ ಎಲ್ಲಿ, ಯಾರ ಮೇಲೆ, ಆ ಹೊತ್ತಿಗೆ ದೇಶದ ತಂಡದ ಕ್ಯಾಂಪ್ ಇದೆಯಾ ಅಂತಲೂ ನೋಡಿ. ವಿದೇಶಿ ಆಟಗಾರರಲ್ಲಿ ಎಷ್ಟು ಜನ ಹಳಬರು ಉಳಿದಿದ್ದಾರೆ ಅನ್ನುವುದೂ ಮುಖ್ಯ. ಆರಕ್ಕೆ ಆರೂ ಹೊಸಬರಾದರೆ ಶುರುವಿನ ಪಂದ್ಯಗಳಲ್ಲಿ ಒಬ್ಬರ ಪಾಸ್ ಇನ್ನೊಬ್ಬರಿಗೆ ಅರ್ಥ ಆಗುವುದಿಲ್ಲ.

ನನ್ನ ತಮ್ಮ 2024ರಲ್ಲಿ ಯಾವ ಸ್ಥಾನವನ್ನೂ ಬರೆಯಲಿಲ್ಲ. "ವಿನಿತ್ ವೆಂಕಟೇಶ್ ಮೇಲೆ ಕಣ್ಣಿಡಿ" ಅಂತ ಬರೆದ, ಅಷ್ಟೇ. ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಎದುರು ಒಂದೇ ಗೋಲಿನಿಂದ ಗೆದ್ದೆವು. ಹಾಕಿದವನು ವಿನಿತ್. ನಾನೇ ಫೋನ್ ಮಾಡಿ "ನಿಂಗೆ ಹೆಂಗೆ ಗೊತ್ತಾಯ್ತೋ?" ಅಂದೆ. ಅವನು ಪ್ರಾಕ್ಟೀಸ್ ಪಂದ್ಯಗಳ ಬಗ್ಗೆ, ಹುಡುಗ ಚೆಂಡಿಲ್ಲದಾಗ ಹೇಗೆ ಓಡುತ್ತಾನೆ ಅನ್ನುವುದರ ಬಗ್ಗೆ ತುಂಬಾ ಹೊತ್ತು ಹೇಳಿದ. ಹಿಂದಿನ ವರ್ಷ ಬರೆದದ್ದಕ್ಕೆ ಆಮೇಲೆ ಕ್ಷಮೆ ಕೇಳಿದೆ. ಮುಂಬೈಗೆ ಐದು ಗೋಲು ಹಾಕಿದ ರಾತ್ರಿ ಇಬ್ಬರೂ ವೆಸ್ಟ್ ಬ್ಲಾಕ್‌ನಲ್ಲೇ ಇದ್ದೆವು, ಮೊಬೈಲ್ ಜೇಬಿನಲ್ಲಿತ್ತು.

ಆದ್ದರಿಂದ ಈ ಸಲ ಗುಂಪಿನಲ್ಲಿ ಒಬ್ಬ ಹುಡುಗನ ಹೆಸರು ಬರೆಯಿರಿ, ಅವನು ಏನು ಮಾಡುತ್ತಾನೆ, ಯಾಕೆ ಅಂತ ನಾಲ್ಕು ಸಾಲು ಬರೆಯಿರಿ. ಯಾರಾದರೂ "ಈ ಸಲ ಕೊನೆಯ ಸ್ಥಾನ" ಅಂದರೆ ಯಾಕೆ ಅಂತ ಕೇಳಿ, ಅವರು ಹೇಳಿ ಮುಗಿಸುವ ತನಕ ಮಧ್ಯೆ ಬಾಯಿ ಹಾಕಬೇಡಿ.