ತಿದಿ ಒತ್ತಿದವರು ಯಾರು?

ಆತ್ಮೀಯರೇ,

ನಿಮ್ಮ ‘ಮೌನದ ಮಡಿಲಲ್ಲಿ’ ಕಥೆಯನ್ನು ಎರಡು ಸಲ ಓದಿದೆ. ಭಾಷೆ ಹದವಾಗಿದೆ, ಕಾಗುಣಿತ ಚೊಕ್ಕವಾಗಿದೆ. 12ನೆಯ ಶತಮಾನದ ಇಂಗ್ಲೆಂಡಿನಲ್ಲಿ, ಯಾರ್ಕ್‌ಷೈರಿನ ರೀವೋ ಮಠದಲ್ಲಿ ಕಳೆದ ಒಂದು ದಿನವನ್ನು ಕನ್ನಡದಲ್ಲಿ ಬರೆಯಲು ಹೊರಟ ಧೈರ್ಯ ಮೆಚ್ಚುವಂಥದು. ಮೆಚ್ಚಿದ್ದೇನೆ. ಇನ್ನು ಜಗಳಕ್ಕೆ ಬರುತ್ತೇನೆ.

ಮೊದಲ ಪುಟದಲ್ಲಿ ಮೂರು ಬಾರಿಸುವ ಗಡಿಯಾರ, ಮೂರನೆಯ ಪುಟದಲ್ಲಿ ಬೇಯುವ ಆಲೂಗಡ್ಡೆ, ಎಲ್ಲರ ಮೈಮೇಲೂ ಕಂದು ನಿಲುವಂಗಿ. ಇವುಗಳಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಯಂತ್ರದ ಗಡಿಯಾರ ಬರಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲವಿತ್ತು, ಆಲೂಗಡ್ಡೆಗೆ ಅದಕ್ಕಿಂತ ಬಹಳ ಹೆಚ್ಚು. ರೀವೋದವರು ಸೇರಿದ್ದ ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು ಬಣ್ಣ ಹಾಕದ ಉಣ್ಣೆಯ ಬಟ್ಟೆ ತೊಡುತ್ತಿದ್ದುದರಿಂದಲೇ ಜನ ಅವರನ್ನು ಬಿಳಿಯ ಸನ್ಯಾಸಿಗಳು ಎನ್ನುತ್ತಿದ್ದರು. ಇದೆಲ್ಲ ಕೆಂಪು ಪೆನ್ನಿನ ಹತ್ತು ನಿಮಿಷದ ಕೆಲಸ. ನನ್ನನ್ನು ಕೆರಳಿಸಿದ್ದು ಎರಡು ವಾಕ್ಯಗಳು.

ಮೊದಲನೆಯದು: ‘ಮೌನವೇ ಅವರ ಭಾಷೆಯಾಗಿತ್ತು.’

ಒಂಬತ್ತು ಪುಟಗಳಲ್ಲಿ ‘ಮೌನ’ 27 ಸಲ ಬಂದಿದೆ, ಎಣಿಸಿದ್ದೇನೆ. ಕಲ್ಲಿನ ಮೌನ, ಮಂಜಿನ ಮೌನ, ಕೊನೆಗೆ ‘ಮೌನದ ಮೌನ’ ಕೂಡ. ಸರಿ, ಅದು ಭಾಷೆಯೇ ಆಗಿದ್ದರೆ ಆ ಭಾಷೆಯ ಒಂದಾದರೂ ಪದ ತೋರಿಸಬೇಕಿತ್ತಲ್ಲವೇ? ತೋರಿಸಬಹುದಿತ್ತು. ಫ್ರಾನ್ಸಿನ ಕ್ಲೂನಿ ಮಠದವರು ತಮ್ಮ ಕೈಸನ್ನೆಗಳ ಪಟ್ಟಿಯನ್ನೇ ಬರೆದಿಟ್ಟಿದ್ದಾರೆ. ಎರಡೂ ಕೈಗಳ ಹೆಬ್ಬೆರಳು ತೋರುಬೆರಳು ಕೂಡಿಸಿ ದುಂಡಗೆ ಮಾಡಿದರೆ ರೊಟ್ಟಿ. ಅಂಗೈಯನ್ನು ನೀರಿನಲ್ಲಿ ಬಾಲ ಆಡಿಸಿದಂತೆ ಆಡಿಸಿದರೆ ಮೀನು. ಕಿರುಬೆರಳನ್ನು ತುಟಿಗಿಟ್ಟರೆ ಹಾಲು, ಏಕೆಂದರೆ ಕೂಸು ಹಾಗೆ ಚೀಪುತ್ತದೆ. ಕಠಿಣ ಮುಖದ, ಬೋಳಿಸಿದ ನೆತ್ತಿಯ ಗಂಡಸೊಬ್ಬ ಹಾಲು ಬೇಕೆಂದು ಕಿರುಬೆರಳು ಚೀಪುತ್ತಾನೆ! ನಿಮ್ಮ 27 ಮೌನಗಳನ್ನೂ ಈ ಒಂದು ಬೆರಳಿಗೆ ಕೊಟ್ಟುಬಿಡುತ್ತೇನೆ. ಅದೇ ಶತಮಾನದ ಕೊನೆಯಲ್ಲಿ ವೇಲ್ಸಿನ ಜೆರಾಲ್ಡ್ ಎಂಬ ಪಾದ್ರಿ ಕ್ಯಾಂಟರ್ಬರಿಯ ಸನ್ಯಾಸಿಗಳ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದ. ಅವರ ಕೈ, ಬೆರಳುಗಳ ಆರ್ಭಟ ಕಂಡು, ತಾನು ಬಂದದ್ದು ಊಟಕ್ಕೋ ನಾಟಕಕ್ಕೋ ಎಂದು ಗೊಣಗಿ, ಇದಕ್ಕಿಂತ ಮರ್ಯಾದೆಯಾಗಿ ಮಾತನಾಡುವುದೇ ಮೇಲು ಎಂದು ಬರೆದಿಟ್ಟ.

‘ಮೌನವ್ರತ’ ಎಂದೂ ಬರೆದಿದ್ದೀರಿ. ಅಂಥ ವ್ರತವೇ ಇರಲಿಲ್ಲ. ಅವರು ತೊಡುತ್ತಿದ್ದ ಪ್ರತಿಜ್ಞೆ ಒಂದೇ ಮಠದಲ್ಲಿ ಕೊನೆತನಕ ನೆಲೆ ನಿಲ್ಲುತ್ತೇನೆ, ಬದುಕಿನ ರೀತಿ ಬದಲಿಸಿಕೊಳ್ಳುತ್ತೇನೆ, ಹೇಳಿದ ಮಾತು ಕೇಳುತ್ತೇನೆ ಎಂಬುದು. ಮಾತಿಗೆ ಕಡಿವಾಣವಿತ್ತು, ಬೀಗವಿರಲಿಲ್ಲ. ಊಟದ ಹೊತ್ತಿನಲ್ಲಿ ಒಬ್ಬ ಗಟ್ಟಿಯಾಗಿ ಓದುತ್ತಿದ್ದ. ಬೆಳಗಿನ ಸಭೆಯಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಎದ್ದು ನಿಂತು ಹೇಳುತ್ತಿದ್ದರು. ಮಾತಿಗೆಂದೇ ಒಂದು ಕೋಣೆಯಿತ್ತು. ನೀವು ಆರಿಸಿಕೊಂಡ ರೀವೋ ಮಠದಲ್ಲಂತೂ, 1147ರಿಂದ 1167ರವರೆಗೆ ಮಠಾಧಿಪತಿಯಾಗಿದ್ದ ಏಲ್ರೆಡ್ ಕೀಲುಬೇನೆಯಿಂದ ನರಳುತ್ತ ರೋಗಿಗಳ ಮನೆಯ ಪಕ್ಕದ ಗುಡಿಸಿಲಿನಲ್ಲಿ ಮಲಗಿದ್ದಾಗ, ದಿನವೂ ಇಪ್ಪತ್ತು ಮೂವತ್ತು ಸನ್ಯಾಸಿಗಳು ಅಲ್ಲಿ ಸೇರಿ ಮಾತಿಗೆ ಕೂರುತ್ತಿದ್ದರು ಎಂದು ಅವನ ಶಿಷ್ಯನೇ ಬರೆದಿದ್ದಾನೆ. ಇಂಗ್ಲೆಂಡಿನ ಅತಿ ಮಾತಿನ ಮಠಕ್ಕೆ ಹೋಗಿ ನೀವು ಮೌನವನ್ನು ಹೊತ್ತು ತಂದಿದ್ದೀರಿ.

ಎರಡನೆಯ ವಾಕ್ಯ, ಕಥೆಯ ಕಟ್ಟಕಡೆಯದು: ‘ಅವರಿಗೂ ಕಾಯಕವೇ ಕೈಲಾಸವಾಗಿತ್ತು.’

ಈ ಸಾಲು ಬರೆದಾಗ ನಿಮಗೆ ಖುಷಿಯಾಗಿರಬೇಕು. ನನಗೆ ಸಿಟ್ಟು ಬಂತು. ಕನ್ನಡದಲ್ಲಿ ಯಾರು ಎಲ್ಲಿ ದುಡಿದರೂ, ಜಪಾನಿನ ಕಾರ್ಖಾನೆಯಿರಲಿ ಜೇನುಗೂಡಿರಲಿ, ಕೊನೆಗೆ ಈ ಮುದ್ರೆ ಒತ್ತಿ ಎದ್ದುಬಿಡುತ್ತೇವೆ. ಕಾಯಕವೇ ಕೈಲಾಸವೆಂಬ ಮಾತಿರುವ ಆಯ್ದಕ್ಕಿ ಮಾರಯ್ಯನ ವಚನವನ್ನು ಪೂರ್ತಿ ಓದಿ. ಕಾಯಕದಲ್ಲಿ ನಿರತನಾದವನು ಗುರುವಿನ ದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು ಎನ್ನುತ್ತಾನೆ ಅವನು. ಈಗ ನಿಮ್ಮ ಸನ್ಯಾಸಿಗಳು ಪಾಲಿಸುತ್ತಿದ್ದ, ಸಂತ ಬೆನೆಡಿಕ್ಟ್ ಮಠಗಳಿಗೆಂದು ಬರೆದ ನಿಯಮಾವಳಿ ತೆಗೆಯಿರಿ. ಅದರ 43ನೆಯ ಅಧ್ಯಾಯದ ಪ್ರಕಾರ, ಪ್ರಾರ್ಥನೆಯ ಕರೆ ಕಿವಿಗೆ ಬಿದ್ದ ಕೂಡಲೇ ಕೈಯಲ್ಲಿದ್ದುದನ್ನು ಅಲ್ಲಿಯೇ ಬಿಟ್ಟು ಓಡಬೇಕು. ‘ದೇವರ ಕೆಲಸ’ ಎಂದು ಅವರು ಕರೆದದ್ದು ಪ್ರಾರ್ಥನೆಯನ್ನೇ. ಅದಕ್ಕಿಂತ ಮುಂದೆ ಯಾವುದೂ ಬರಕೂಡದು. ಅವರಿಗಿಂತ ಹಿಂದೆ ಈಜಿಪ್ಟಿನ ಸನ್ಯಾಸಿಗಳು, ಬರೆಯುತ್ತಿದ್ದ ಅಕ್ಷರವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರಂತೆ. ಒಬ್ಬ ಕೆಲಸದಲ್ಲಿ ಪೂಜೆಯನ್ನು ಮರೆಯುತ್ತಾನೆ, ಇನ್ನೊಬ್ಬ ಪೂಜೆಗಾಗಿ ಕೆಲಸವನ್ನು ನೆಲಕ್ಕೆ ಹಾಕುತ್ತಾನೆ. ಒಂದೇ ಶತಮಾನದಲ್ಲಿ, ಕಲ್ಯಾಣದಲ್ಲೊಂದು ರೀವೋದಲ್ಲೊಂದು. ಇಂಥ ಎದುರುಬದುರು ನಿಮ್ಮ ಕಾಲಿಗೇ ತೊಡರಿತ್ತು, ನೀವು ದಾಟಿಕೊಂಡು ಹೋದಿರಿ.

ಅಷ್ಟೇ ಅಲ್ಲ. ಕಾಯಕ ಮಾಡುವವನಿಗೆ ಅವನದೇ ಕಸುಬು, ಅವನದೇ ಮನೆ. ಮಾರಯ್ಯ ಹೆಚ್ಚು ಅಕ್ಕಿ ತಂದರೆ ಒಪ್ಪದೆ ಹಿಂದಿರುಗಿಸಿ ಬಾ ಎನ್ನಲು ಹೆಂಡತಿ ಲಕ್ಕಮ್ಮನಿದ್ದಳು. ಮಠದಲ್ಲಿ ಕಸುಬೂ ತನ್ನದಲ್ಲ. ಅದೇ ನಿಯಮಾವಳಿಯ 57ನೆಯ ಅಧ್ಯಾಯ ನೋಡಿ: ಕುಶಲಕರ್ಮಿಯೊಬ್ಬ ತನ್ನ ಕೈಚಳಕದಿಂದ ಮಠಕ್ಕೆ ಉಪಕಾರವಾಗುತ್ತಿದೆ ಎಂದು ಬೀಗಿದರೆ, ಅವನನ್ನು ಆ ಕೆಲಸದಿಂದಲೇ ತೆಗೆಯಬೇಕು. ಒಳ್ಳೆಯ ಬಡಗಿಯಾದ ತಪ್ಪಿಗೆ ಉಳಿ ಕಸಿದುಕೊಳ್ಳುವ ಊರು ಅದು. ಅಲ್ಲಿ ಒಂದು ಕಥೆಯಿದೆ, ಅದು ಕೈಲಾಸದ ಕಥೆಯಲ್ಲ.

ಇರಲಿ, ಕಾಯಕ ಎಂದಿರಿ. ಯಾವ ಕಾಯಕ? ನಿಮ್ಮ ಮಠದಲ್ಲಿ ಇಡೀ ದಿನ ಯಾರೂ ಒಂದು ಪಾತ್ರೆಯನ್ನೂ ತೊಳೆಯುವುದಿಲ್ಲ. ನಿಯಮದಂತೆ ಅಡುಗೆಮನೆಯ ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಶನಿವಾರ ಪಾಳಿ ಮುಗಿಸುವವನು ಒರೆಸುವ ಬಟ್ಟೆಗಳನ್ನೆಲ್ಲ ಒಗೆದು, ಪಾತ್ರೆಗಳನ್ನು ಲೆಕ್ಕ ಒಪ್ಪಿಸಿ, ಮರುವಾರದವನ ಜೊತೆ ಸೇರಿ ಎಲ್ಲರ ಕಾಲು ತೊಳೆಯಬೇಕಿತ್ತು. ಚಳಿಗಾಲದಲ್ಲಿ ದಿನಕ್ಕೆ ಒಂದೇ ಊಟ, ಅದೂ ಮಧ್ಯಾಹ್ನ ಇಳಿದ ಮೇಲೆ. ‘ಆಹಾರ ಅವರಿಗೆ ನೆಪ ಮಾತ್ರ’ ಎಂದು ಬರೆದವರು ಒಂದು ದಿನ ಹಾಗೆ ಕಾಯ್ದು ನೋಡಬೇಕು.

ನಾನು ಕೆಲಸ ಕಲಿತದ್ದು ಒಂದು ಸಣ್ಣ ವಾರಪತ್ರಿಕೆಯಲ್ಲಿ, ಕರಡು ತಿದ್ದುವ ಹುಡುಗನಾಗಿ. ಅಚ್ಚಿನ ಮೊಳೆ ಜೋಡಿಸುವ ಕಾಲ. ಆರು ತಿಂಗಳಾದ ಮೇಲೆ ಊರ ಕಮ್ಮಾರನ ಮೇಲೆ ಒಂದು ಲೇಖನ ಬರೆದು, ಮಸಿ ಆರುವ ಮೊದಲೇ ಸಂಪಾದಕರ ಮೇಜಿಗಿಟ್ಟೆ. ಕುಲುಮೆಯ ಕೆಂಪು, ಹಣೆಯ ಬೆವರು, ಸುತ್ತಿಗೆಯ ತಾಳ, ಎಲ್ಲ ಇತ್ತು. ಕೊನೆಯ ಸಾಲು ಯಾವುದಿತ್ತೆಂದು ಊಹಿಸಿ. ಹೌದು, ಅದೇ. ಸಂಪಾದಕರು ಓದಿ, ಕನ್ನಡಕ ತೆಗೆದು, ಒಂದೇ ಪ್ರಶ್ನೆ ಕೇಳಿದರು: ‘ತಿದಿ ಒತ್ತುತ್ತಿದ್ದವರು ಯಾರು?’ ನನಗೆ ಗೊತ್ತಿರಲಿಲ್ಲ. ಎರಡು ಮಧ್ಯಾಹ್ನ ಆ ಕುಲುಮೆಯ ಮುಂದೆ ಕುಳಿತಿದ್ದೆ, ನೋಡಿರಲಿಲ್ಲ. ಅವರು ಹಾಳೆಗಳನ್ನು ಮಡಿಸಿ ನನ್ನ ಕೈಗೇ ಕೊಟ್ಟರು. ಮರುದಿನ ಸೈಕಲ್ ತುಳಿದುಕೊಂಡು ಹೋಗಿ ನೋಡಿದರೆ, ಹನ್ನೊಂದು ಹನ್ನೆರಡರ ಒಬ್ಬ ಹುಡುಗಿ, ಕಮ್ಮಾರನ ಮಗಳು, ಗೋಡೆಯ ಮಗ್ಗುಲಿಗೆ ಕುಳಿತು ತಿದಿ ಒತ್ತುತ್ತಿದ್ದಳು. ಇನ್ನೊಂದು ಕೈಯಲ್ಲಿ ಶೇಂಗಾ ಇತ್ತು. ನನ್ನನ್ನು ಕಂಡು, ‘ಮೊನ್ನೆಯೂ ಬಂದಿದ್ದಿರಲ್ಲ’ ಎಂದಳು. ಲೇಖನ ಅಚ್ಚಾಗಲಿಲ್ಲ, ನಾನೇ ಮತ್ತೆ ಕೊಡಲಿಲ್ಲ.

ರೀವೋದಲ್ಲಿಯೂ ತಿದಿ ಒತ್ತುವವರಿದ್ದರು. ಏಲ್ರೆಡ್ ತೀರಿಕೊಂಡಾಗ ಅಲ್ಲಿ 140 ಸನ್ಯಾಸಿಗಳಿದ್ದರೆ, ಕನ್ವರ್ಸಿ ಎಂಬ ದುಡಿಮೆಯ ಸೋದರರು ಮತ್ತು ಆಳುಗಳು ಸೇರಿ 500 ಜನ ಎಂದು ಅದೇ ಶಿಷ್ಯ ಬರೆದಿದ್ದಾನೆ. ಆ ಸೋದರರೂ ಪ್ರತಿಜ್ಞೆ ತೊಟ್ಟವರೇ. ಆದರೆ ಅವರಿಗೆ ಗಡ್ಡ, ಸನ್ಯಾಸಿಗಳಿಗೆ ಬೋಳು ಮುಖ. ಮಲಗುವ ಮನೆ ಬೇರೆ, ಚರ್ಚಿನಲ್ಲಿ ನಿಲ್ಲುವ ಜಾಗ ಹಿಂದೆ. ಪುಸ್ತಕ ಮುಟ್ಟುವಂತಿಲ್ಲ, ಬಾಯಿಪಾಠ ಕಲಿತ ನಾಲ್ಕಾರು ಪ್ರಾರ್ಥನೆಗಳಷ್ಟೇ. ಎಷ್ಟು ವರ್ಷ ದುಡಿದರೂ ಸನ್ಯಾಸಿಯಾಗಲು ಬರುತ್ತಿರಲಿಲ್ಲ. ಮಠದಿಂದ ದೂರದ ಗ್ರೇಂಜ್ ಎಂಬ ಹೊಲಮನೆಗಳಲ್ಲಿ ಕುರಿ ಕಾಯುತ್ತ, ಉತ್ತು ಬಿತ್ತುತ್ತ ಇದ್ದವರು ಅವರು. ಮಠದ ಉಣ್ಣೆಯ ಹಣ ಹುಟ್ಟಿದ್ದು ಅವರ ಕೈಯಲ್ಲಿ. ‘ಅಲ್ಲಿ ಎಲ್ಲರೂ ಸಮಾನರು’ ಎಂಬ ನಿಮ್ಮ ಐದನೆಯ ಪುಟದ ಸಾಲನ್ನು ಅವರ ಎದುರು ನಿಂತು ಓದಬಲ್ಲಿರಾ?

ವಿಚಿತ್ರವೆಂದರೆ ನಿಮಗೆ ಇದು ಎಲ್ಲೋ ಗೊತ್ತಿದೆ. ಎಂಟನೆಯ ಪುಟದಲ್ಲಿ, ಏನೂ ಕಾರಣವಿಲ್ಲದೆ, ಹೀಗೊಂದು ಸಾಲು ನುಸುಳಿದೆ: ‘ಹಿಂದೆ ನಿಂತಿದ್ದ ಗಡ್ಡದವನ ಮೈಯಿಂದ ಒದ್ದೆ ಕುರಿಯ ವಾಸನೆ ಬರುತ್ತಿತ್ತು.’ ಒಂಬತ್ತು ಪುಟಗಳಲ್ಲಿ ನಾನು ನಿಂತು ಓದಿದ್ದು ಇದೊಂದನ್ನೇ, ಕಥೆಯನ್ನು ಎರಡನೆಯ ಸಲ ತೆರೆದದ್ದೂ ಇದಕ್ಕಾಗಿಯೇ. ಅವನು ಎಲ್ಲಿಂದ ನಡೆದು ಬಂದ, ಭಾನುವಾರವೋ ಹಬ್ಬವೋ, ಮುಂದೆ ಹಾಡುತ್ತಿರುವ ಲ್ಯಾಟಿನ್ ಕೀರ್ತನೆಯಲ್ಲಿ ಅವನಿಗೆ ತಿಳಿಯುವುದೆಷ್ಟು, ಕರೆಗಂಟೆ ಬಾರಿಸಿದಾಗ ಅವನ ಕೈಯಲ್ಲಿ ಏನಿತ್ತು? ಉಳಿದ ಎಂಟು ಪುಟಗಳನ್ನು ಪಕ್ಕಕ್ಕಿಟ್ಟು ಅವನ ಹಿಂದೆ ಹೋಗಿ.

ಹಸ್ತಪ್ರತಿಯನ್ನು ಹಿಂದಿರುಗಿಸಿದ್ದೇನೆ. ದೀಪಾವಳಿ ವಿಶೇಷಾಂಕದ ಪುಟಗಳು ಸೆಪ್ಟೆಂಬರ್ ಕೊನೆಗೆ ಮುಗಿಯುತ್ತವೆ. ಆಲೂಗಡ್ಡೆ ತೆಗೆಯಲು ಮರೆಯಬೇಡಿ.

ಇಂತಿ,
ಸಂಪಾದಕ