ಕೇಪಳವೋ, ವೈರೇಯವೋ? ಎಲೆ ಮಗುಚಿ ನೋಡಿ

ಪ್ರಶ್ನೆ: ನರ್ಸರಿಯಿಂದ ‘ವೈರೇಯ ರೋಡೋಡೆಂಡ್ರಾನ್’ ಎಂಬ ಚೀಟಿಯಿದ್ದ ಗಿಡ ತಂದೆವು. ಗೊಂಚಲಾಗಿ ಕಿತ್ತಳೆ ಹೂ ಬಿಟ್ಟಿತ್ತು. ಊರಿಂದ ಬಂದ ಅತ್ತೆಯವರು ಇದು ಕೇಪಳವೇ ಎನ್ನುತ್ತಾರೆ. ಈಗ ಹೊಸ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿವೆ. ನಮ್ಮದು ಪೂರ್ವದ ಬಾಲ್ಕನಿ. ಬೇಸಿಗೆಯಲ್ಲಿ ಸೊಸೈಟಿಗೆ ಟ್ಯಾಂಕರ್ ನೀರು. ಗಿಡ ಯಾವುದು, ಉಳಿಸುವುದು ಹೇಗೆ? (ಕೋಥ್ರೂಡ್, ಪುಣೆ)

ಉತ್ತರ: ಮೊದಲು ಗುರುತು. ಕೇಪಳದ ಹೂವಿಗೆ ನಾಲ್ಕು ಎಸಳು, ನಾಲ್ಕು ಕೇಸರ. ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಎರಡು ತೊಟ್ಟುಗಳ ನಡುವೆ ಗೆಣ್ಣಿನಲ್ಲಿ ಚೂಪಾದ ಪುಟ್ಟ ಉಪಪತ್ರ (ಎಲೆಯ ಬುಡದಲ್ಲಿ ಮೂಡುವ ಎಲೆಯಂಥ ಸಣ್ಣ ಹಾಳೆ) ಕಾಣುತ್ತದೆ. ವೈರೇಯಕ್ಕೆ ಉಪಪತ್ರವಿಲ್ಲ. ಅದರ ಎಲೆಗಳು ಕೊಂಬೆಯ ತುದಿಯಲ್ಲಿ ಮೂರು, ನಾಲ್ಕು, ಐದರಂತೆ ಕೊಡೆಯ ಕಡ್ಡಿಗಳ ಹಾಗೆ ಸುತ್ತ ಕೂತಿರುತ್ತವೆ, ದಪ್ಪ, ಚರ್ಮದಂತೆ ಗಡಸು. ಒಂದು ಎಲೆಯನ್ನು ಮಗುಚಿ ಭೂತಗನ್ನಡಿಯಲ್ಲಿ ನೋಡಿ. ಕಂದು ಬಣ್ಣದ ಸಣ್ಣ ಹುರುಪೆಗಳು ಚುಕ್ಕೆಚುಕ್ಕೆಯಾಗಿ ಕಂಡರೆ ಕೇಪಳವಲ್ಲವೆಂದು ತೀರ್ಮಾನಿಸಬಹುದು. ಅಂಗಡಿಗಳಲ್ಲಿ ಸಿಗುವ ಅಜೇಲಿಯಾ ಕೂಡ ರೋಡೋಡೆಂಡ್ರಾನೇ, ಆದರೆ ಅದರ ಎಲೆಯಲ್ಲಿ ಹುರುಪೆಯಿಲ್ಲ, ಒರಟು ಕೂದಲಿದೆ.

ವೈರೇಯ ಎರಿಕೇಸಿ ಕುಟುಂಬದ ಗಿಡ. ಬ್ಲೂಬೆರಿ, ಉತ್ತರಾಖಂಡದ ಬುರಾಂಶ್, ನೀಲಗಿರಿಯ ಶೋಲಾ ಕಾಡಿನಂಚಿನ ಕೆಂಪು ರೋಡೋಡೆಂಡ್ರಾನ್ ಎಲ್ಲ ಇದರ ಬಂಧುಗಳು. 1826ರಲ್ಲಿ ಬ್ಲೂಮ್ ಎಂಬ ಸಸ್ಯವಿಜ್ಞಾನಿ ಜಾವಾದ ಈ ಗಿಡಕ್ಕೆ ಫ್ರಾನ್ಸಿನ ವಿರೇ ಎಂಬವರ ನೆನಪಿಗೆ ‘ವೈರೇಯ’ ಎಂದು ಹೆಸರಿಟ್ಟರು. ಆಮೇಲೆ ಅದು ರೋಡೋಡೆಂಡ್ರಾನ್ ಕುಲದೊಳಗೆ ಸೇರಿತು, ತೋಟದವರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ಸುಮಾರು 300 ಪ್ರಭೇದಗಳ ಈ ಗುಂಪು ಬಹುಪಾಲು ಬೋರ್ನಿಯೊ, ನ್ಯೂಗಿನಿ, ಸುಮಾತ್ರಾ, ಫಿಲಿಪ್ಪೀನ್ಸ್‌ಗಳ ಬೆಟ್ಟಗಾಡಿನದು.

ನಿಮ್ಮ ವರ್ಣನೆಗೆ ಹತ್ತಿರದ್ದು ರೋಡೋಡೆಂಡ್ರಾನ್ ಜಾವಾನಿಕಮ್, ಅಥವಾ ಅದರ ಮಿಶ್ರತಳಿ. ಆಳೆತ್ತರಕ್ಕೆ ಬೆಳೆಯಬಲ್ಲ ಪೊದೆ. ಹೂ ಆಲಿಕೆಯಾಕಾರ: ಐದು ಎಸಳು ಬುಡದಲ್ಲಿ ಕೂಡಿ ನಳಿಗೆಯಾಗಿರುತ್ತವೆ. ಹೂವಿನ ಬುಡದ ಹಸಿರು ಪುಷ್ಪಪಾತ್ರೆ ಇದೆಯೋ ಇಲ್ಲವೋ ಎಂಬಷ್ಟು ಕಿರಿದು. ಕೇಸರ ಹತ್ತು. ಪರಾಗಕೋಶ ಉದ್ದಕ್ಕೆ ಸೀಳುವುದಿಲ್ಲ, ತುದಿಯ ಎರಡು ರಂಧ್ರಗಳಿಂದ ಪರಾಗ ಹೊರಬರುತ್ತದೆ. ಕಡ್ಡಿಯಿಂದ ಮುಟ್ಟಿದರೆ ಅಂಟುಎಳೆಯಾಗಿ ಜೇಡನ ನೂಲಿನಂತೆ ಎಳೆದುಕೊಂಡು ಬರುತ್ತದೆ. ಈ ಗುಂಪಿನ ಬೀಜವಂತೂ ನೋಡಲೇಬೇಕು! ಒಣಗಿದ ಕಾಯಿ ಒಡೆದಾಗ ಹಾರುವ ಧೂಳಿನಂಥ ಬೀಜದ ಎರಡೂ ತುದಿಗೆ ಬಾಲವಿದೆ. ಆ ಬಾಲದ ಬಲದಿಂದ ಗಾಳಿಯಲ್ಲಿ ತೇಲಿ ಮರದ ಕವಲಿನ ಪಾಚಿಗೆ ಸಿಕ್ಕಿಕೊಂಡು ಮೊಳೆಯುತ್ತದೆ. ಹಲವು ವೈರೇಯಗಳು ಹೀಗೆ ಮರದ ಮೇಲೆ ಬದುಕುವ ಅಪ್ಪುಗಿಡಗಳು. ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ.

ನಿಮ್ಮ ಗಿಡದ ಕಷ್ಟಕ್ಕೆ ಕಾರಣ ಇಲ್ಲೇ ಇದೆ. ಪಾಚಿ, ತೊಗಟೆಪುಡಿಯಲ್ಲಿ ಹರಡುವ ಇದರ ಬೇರು ಕೂದಲಿನಷ್ಟು ಸಪೂರ. ಅದಕ್ಕೆ ಗಾಳಿ ಬೇಕು, 4.5ರಿಂದ 6ರೊಳಗಿನ ಹುಳಿ ಪಿಎಚ್ (ಹುಳಿ–ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದರೆ ಹುಳಿ) ಬೇಕು. ಪುಣೆಯ ಕಪ್ಪು ಮಣ್ಣು ಕ್ಷಾರದ್ದು, ಅಂಟು. ಟ್ಯಾಂಕರಿನಲ್ಲಿ ಬರುವುದು ಹೆಚ್ಚಾಗಿ ಬೋರ್‌ವೆಲ್ಲಿನ ಗಡಸು ನೀರು. ಪ್ರತಿ ಸಲ ಹಾಕಿದಾಗಲೂ ಕುಂಡದಲ್ಲಿ ಸುಣ್ಣ ಕೂಡುತ್ತದೆ. ಪಿಎಚ್ ಏರಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದೂ ಬೇರಿಗೆ ಸಿಗುವುದಿಲ್ಲ. ನರ ಹಸಿರು, ನಡುವೆ ಹಳದಿ ಎಂದರೆ ಇದೇ. ಇದನ್ನು ಗೊಬ್ಬರದ ಕೊರತೆಯೆಂದು ತಿಳಿದು ಮೊಟ್ಟೆ ಸಿಪ್ಪೆ, ಎಲುಬಿನ ಪುಡಿ, ಬೂದಿ ಹಾಕಿದರೆ ರೋಗಕ್ಕೆ ಇನ್ನಷ್ಟು ಸುಣ್ಣ ಬಡಿಸಿದಂತೆ. ದಯವಿಟ್ಟು ಹಾಕಬೇಡಿ.

ಹೂ ಮುಗಿದ ಮೇಲೆ ಕುಂಡ ಬದಲಿಸಿ; ಜೂನಿನ ಮೊದಲ ಮಳೆಯ ಹೊತ್ತು ಒಳ್ಳೆಯದು. ಬೇರಿನ ಉಂಡೆಯನ್ನು ಮಳೆನೀರಿನ ಬಕೆಟ್ಟಿನಲ್ಲಿ ಅದ್ದಿ, ಅಂಟಿದ ಮಣ್ಣು ತಾನಾಗಿ ಕರಗಿ ಬೀಳಲಿ, ಬೆರಳಿನಿಂದ ಕೀಳಬಾರದು. ಆರ್ಕಿಡ್‌ಗೆಂದು ಮಾರುವ ತೊಗಟೆಚೂರು ಅಥವಾ ತೆಂಗಿನ ಸಿಪ್ಪೆಯ ಚೂರು ಎರಡು ಪಾಲು, ಕೋಕೋಪೀಟ್ ಒಂದು ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು) ಒಂದು ಪಾಲು ಬೆರೆಸಿ. ತೆಂಗಿನ ಸಿಪ್ಪೆಯಲ್ಲೂ ಕೋಕೋಪೀಟಿನಲ್ಲೂ ಉಪ್ಪಿರುವುದುಂಟು, ಮೂರು ಸಲ ನೆನೆಸಿ ಹಿಂಡಿ. ಹೊಸ ಕುಂಡ ಬೇರಿನುಂಡೆಗಿಂತ 3–4 ಸೆಂ.ಮೀ. ಮಾತ್ರ ಅಗಲವಿರಲಿ, ದೊಡ್ಡ ಕುಂಡದಲ್ಲಿ ಬೇರು ತಲುಪದ ಕಡೆ ತೇವ ನಿಂತು ಕೊಳೆ ಹುಟ್ಟುತ್ತದೆ. ಒತ್ತಿ ತುಂಬಬೇಡಿ, ಕೆಳಗೆ ತಟ್ಟೆ ಇಡಬೇಡಿ.

ನೀರಿಗೆ ಮಳೆನೀರಿನಷ್ಟು ಒಳ್ಳೆಯದು ಬೇರಿಲ್ಲ. ಡ್ರಮ್ಮಿನಲ್ಲಿ ಹಿಡಿದಿಟ್ಟು ಸೊಳ್ಳೆಯಾಗದಂತೆ ಮುಚ್ಚಿ. ಅದು ಮುಗಿದಾಗ 10 ಲೀಟರ್ ಟ್ಯಾಂಕರ್ ನೀರಿಗೆ ಸುಮಾರು 2.5 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆಮ್ಲ), ಅಂದರೆ ಅರ್ಧ ಚಹಾ ಚಮಚ, ಕರಗಿಸಿ ಪಿಎಚ್ ಪಟ್ಟಿಯಲ್ಲಿ ನೋಡಿ. 6ಕ್ಕಿಂತ ಮೇಲಿದ್ದರೆ ಚಿಟಿಕೆಚಿಟಿಕೆ ಸೇರಿಸಿ, 5.5ಕ್ಕೆ ಬಂದರೆ ನಿಲ್ಲಿಸಿ. ಅಂದಂದಿನ ನೀರು ಅಂದಂದೇ ಬಳಸಿ. ಈಗಿನ ಹಳದಿಗೆ ಇಡಿಡಿಎಚ್‌ಎ ರೂಪದ ಚೀಲೇಟೆಡ್ ಕಬ್ಬಿಣ (ಕ್ಷಾರದಲ್ಲೂ ಬೇರಿಗೆ ಸಿಗುವಂತೆ ಕಟ್ಟಿಟ್ಟ ಕಬ್ಬಿಣ) ಲೀಟರಿಗೆ ಅರ್ಧ ಗ್ರಾಂ ಕರಗಿಸಿ ಬುಡಕ್ಕೆ ಹಾಕಿ. ಹಳದಿಯಾದ ಎಲೆ ಪೂರ್ತಿ ಹಸಿರಾಗದಿರಬಹುದು, ಮುಂದೆ ಬರುವ ಚಿಗುರನ್ನು ನೋಡಿ ಅಳೆಯಿರಿ. ಗೊಬ್ಬರ ಚಿಗುರುವ ಕಾಲದಲ್ಲಿ ಮಾತ್ರ: ಅಮೋನಿಯಂ ಸಲ್ಫೇಟ್ ಲೀಟರಿಗೆ ಅರ್ಧ ಗ್ರಾಂ, ಮೂರು ವಾರಕ್ಕೊಮ್ಮೆ.

ಬೆಳಗಿನ ಬಿಸಿಲು ಹತ್ತು ಗಂಟೆಯವರೆಗೆ ಸಾಕು. ಏಪ್ರಿಲ್–ಮೇಯಲ್ಲಿ 50 ಶೇಕಡಾ ನೆರಳಿನ ಬಲೆ ಕಟ್ಟಿ. ಕುಂಡ ಒದ್ದೆಯಿದ್ದೂ ಗಿಡ ಜೋಲುಬಿದ್ದರೆ ಅದು ಬಾಯಾರಿಕೆಯಲ್ಲ, ಬೇರುಕೊಳೆ. ಆಗ ಇನ್ನಷ್ಟು ನೀರು ಹಾಕುವುದೇ ಹೆಚ್ಚಿನವರು ಮಾಡುವ ತಪ್ಪು. ಕೊಳೆ ಕಂಡಕೂಡಲೇ ಗಟ್ಟಿ ಕೊಂಬೆಯಿಂದ 8–10 ಸೆಂ.ಮೀ. ತುಂಡುಗಳನ್ನು ಕತ್ತರಿಸಿ, ಬುಡದ ಸಿಪ್ಪೆ ಒಂದು ಬದಿ ಕೆರೆದು, ಬೇರು ಬರಿಸುವ ಐಬಿಎ ಪುಡಿ ಸವರಿ ಒದ್ದೆ ಪರ್ಲೈಟಿನಲ್ಲಿ ನೆಟ್ಟು ಬಾಟಲಿ ಮುಚ್ಚಿ. ಬೇರಿಗೆ ಎರಡು ತಿಂಗಳಾದರೂ ಕಾಯಬೇಕು.

ಪ್ರಶ್ನೆ: ನಮ್ಮದು ಜಂಬಿಟ್ಟಿಗೆ ನೆಲ, ಹುಳಿ ಮಣ್ಣು. ವೈರೇಯವನ್ನು ನೆಲದಲ್ಲೇ ನೆಡಬಹುದೇ? ಹೂವಿನಿಂದ ಶರಬತ್ತೂ ಆಗುತ್ತದಂತೆ? (ಮಡಗಾಂವ್, ಗೋವಾ)

ಉತ್ತರ: ಮಣ್ಣು ಹುಳಿಯಿದ್ದರೂ ಗೋವಾದ ಮಳೆಗೆ ಸಮತಟ್ಟು ಗುಂಡಿಯಲ್ಲಿ ನೀರು ನಿಂತು ಬೇರು ಉಸಿರುಗಟ್ಟುತ್ತದೆ. 30 ಸೆಂ.ಮೀ. ಎತ್ತರದ ದಿಬ್ಬದ ಮೇಲೆ, ಮೇಲೆ ಹೇಳಿದ ಮಿಶ್ರಣದಲ್ಲಿ ನೆಡಿ. ಅದಕ್ಕಿಂತ ಒಳ್ಳೆಯದು, ಮಾವಿನ ಮರದ ಅಗಲ ಕವಲಿನಲ್ಲಿ ತೆಂಗಿನ ನಾರು ಸುತ್ತಿ ಆರ್ಕಿಡ್‌ನಂತೆ ಕಟ್ಟುವುದು. ಕರಾವಳಿಯ ಸೆಕೆಯ ರಾತ್ರಿಗೆ ನ್ಯೂಗಿನಿಯ ಎತ್ತರದ ಬೆಟ್ಟಗಳ ಪ್ರಭೇದಗಳು ತಾಳುವುದಿಲ್ಲ, ತಗ್ಗಿನ ಕಾಡಿನ ಪ್ರಭೇದಗಳನ್ನೇ ಕೇಳಿ ತನ್ನಿ.

ಶರಬತ್ತು ಮಾತ್ರ ಖಂಡಿತ ಬೇಡ. ಅದನ್ನು ಮಾಡುವುದು ಹಿಮಾಲಯದ ಬುರಾಂಶ್ ಹೂವಿನಿಂದ. ರೋಡೋಡೆಂಡ್ರಾನ್‌ಗಳ ಎಲೆ, ಹೂ, ಮಕರಂದಗಳಲ್ಲಿ ಗ್ರೇಯನೊಟಾಕ್ಸಿನ್ ಎಂಬ ವಿಷವಿರುವುದುಂಟು. ವಾಂತಿಯಾಗಿ ನಾಡಿ ನಿಧಾನವಾಗುತ್ತದೆ. ಆಡು, ನಾಯಿಗಳಿಗೂ ಎಲೆ ಎಟುಕದಂತೆ ಕಟ್ಟಿ.