ಒಂದು ಮಾತ್ರೆ ನುಂಗಿದ್ರೆ ಊಟ ಮುಗೀತಾ?

ಪ್ರಶ್ನೆ: ಸರ್, ನಾವು ಡೊಂಬಿವಲಿಯಲ್ಲಿರೋದು, ನಮ್ಮನೆಯವರದ್ದು ಮಾಟುಂಗಾದಲ್ಲಿ ಸಣ್ಣ ಹೋಟೆಲ್. ಮಗನಿಗೆ ಹತ್ತು ವರ್ಷ. ಯಾವ್ದೋ ಕಾರ್ಟೂನಲ್ಲಿ ಒಂದು ಮಾತ್ರೆ ನುಂಗಿ ಹೊಟ್ಟೆ ತುಂಬಿಸ್ಕೊಳ್ಳೋದು ನೋಡಿದಾನೆ, ಮುಂದೆ ಎಲ್ರೂ ಹಿಂಗೇ ತಿನ್ನೋದು, ಅಪ್ಪನ ಹೋಟೆಲ್ ಬಂದ್, ನಾನ್ಯಾಕೆ ತೊಂಡೆಕಾಯಿ ಪಲ್ಯ ತಿನ್ಬೇಕು ಅಂತ ದಿನಾ ಜಗಳ. ಅಂಥ ಮಾತ್ರೆ ನಿಜಕ್ಕೂ ಬರತ್ತಾ? ಬಾಹ್ಯಾಕಾಶದಲ್ಲಿ ದೋಸೆ ಹುಯ್ಯೋಕಾಗತ್ತಾ ಅಂತಾನೂ ಕೇಳ್ತಾನೆ.

ಉತ್ತರ: ಅಕ್ಕಾ, ಮೊದ್ಲು ಅವನ ಕೈಗೆ ಪೆನ್ಸಿಲ್ ಕೊಡಿ, ಲೆಕ್ಕ ಹಾಕ್ಲಿ. ದೊಡ್ಡವರಿಗೆ ದಿನಕ್ಕೆ ಸುಮಾರು 2000 ಕ್ಯಾಲೊರಿ ಬೇಕು. ನಾವು ತಿನ್ನೋದ್ರಲ್ಲಿ ಅತಿ ಹೆಚ್ಚು ಶಕ್ತಿ ಇರೋದು ಕೊಬ್ಬಲ್ಲಿ, ಗ್ರಾಮಿಗೆ 9 ಕ್ಯಾಲೊರಿ. ಅಂದ್ರೆ ಬರೀ ತುಪ್ಪಾನೇ ಮಾತ್ರೆ ಮಾಡಿದ್ರೂ 220 ಗ್ರಾಂ ದಾಟತ್ತೆ, ಮಾತ್ರೆಗೆ ಒಂದು ಗ್ರಾಂ ಅಂತ ಹಿಡಿದ್ರೆ ಬೆಳಗ್ಗೆಯಿಂದ ರಾತ್ರಿ ತನಕ 220 ಮಾತ್ರೆ, ಅದೂ ಪ್ರೋಟೀನು ನಾರು ಏನೂ ಇಲ್ದೆ. ಎಷ್ಟೇ ಸೈನ್ಸ್ ಮುಂದುವರಿದ್ರೂ ಕೊಬ್ಬಿನ ಈ 9, 90 ಆಗಲ್ಲ.

ತಮಾಷೆ ಏನಂದ್ರೆ ಬಾಹ್ಯಾಕಾಶದ ಊಟ ಕಾರ್ಟೂನಿಗೆ ಪೂರ್ತಿ ಉಲ್ಟಾ ದಿಕ್ಕಲ್ಲಿ ಹೋಗಿದೆ. 1962ರಲ್ಲಿ ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಟೂತ್‌ಪೇಸ್ಟ್ ತರದ ಟ್ಯೂಬಿಂದ ಸೇಬಿನ ಗೊಜ್ಜು ಹಿಂಡ್ಕೊಂಡು ತಿಂದ್ರು. 1984ಕ್ಕೆ ರಾಕೇಶ್ ಶರ್ಮಾ ಜೊತೆ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದವರು ಮಾಡಿದ ರವೆ ಹಲ್ವಾ ಹೋಯ್ತು, 2025ರಲ್ಲಿ ಶುಭಾಂಶು ಶುಕ್ಲಾ ಕ್ಯಾರೆಟ್ ಹಲ್ವಾ, ಹೆಸರುಬೇಳೆ ಹಲ್ವಾ ತಗೊಂಡು ಹೋದ್ರು. ಟ್ಯೂಬಿಂದ ಹಲ್ವಾಗೆ ಬಂದಿದೀವಿ, ವಾಪಸ್ ಮಾತ್ರೆಗೆ ಯಾರು ಹೋಗ್ತಾರೆ? ಇನ್ನೊಂದು, ತೂಕ ಇಲ್ಲದ ಕಡೆ ಮೈಯಲ್ಲಿರೋ ನೀರು ಮುಖದ ಕಡೆ ಏರಿ ನೆಗಡಿ ಆದಂಗೆ ಮೂಗು ಕಟ್ಟತ್ತೆ, ಊಟ ಸಪ್ಪೆ ಅನ್ಸತ್ತೆ, ಅದಕ್ಕೇ ಅಲ್ಲಿ ಖಾರಕ್ಕೆ ಭಾರಿ ಡಿಮ್ಯಾಂಡು. ನಿಮ್ಮ ಹೋಟೆಲಿನ ಕೆಂಪು ಚಟ್ನಿ ಓಡತ್ತೆ ಅಂತ ಯಜಮಾನ್ರಿಗೆ ಹೇಳಿ!

ಇನ್ನು ದೋಸೆ. ಹಿಟ್ಟು ಹೇಗೋ ಕಾವಲಿಗೆ ಅಂಟ್ಕೊಳ್ಳಬಹುದು, ಆದ್ರೆ ಸಿಡಿದ ಎಣ್ಣೆ ಹನಿ ಕೆಳಗೆ ಬೀಳಲ್ಲ, ತೇಲ್ತಾ ಹೋಗಿ ಯಾವ್ದೋ ಮಷಿನ್ ಒಳಗೆ ಸೇರ್ಕೊಳ್ಳತ್ತೆ. ಸಾಂಬಾರು ಬಟ್ಟಲಿಂದ ಹೊರಗೆ ಬಂತೋ ಗುಂಡಗೆ ಉಂಡೆಯಾಗಿ ತಿರುಗ್ತಾ ಇರತ್ತೆ. ಗರಿಗರಿ ಮಸಾಲೆ ದೋಸೆ ಮುರಿದ್ರೆ ಪುಡಿ ಹಾರತ್ತೆ, ಈ ಪುಡಿ ಕಾಟಕ್ಕೇ ಅಲ್ಲಿ ಬ್ರೆಡ್ ಬಿಟ್ಟು ಮೆಕ್ಸಿಕೋದವರ ಚಪಾತಿ ತರದ ಟೋರ್ಟಿಯಾ ಇಟ್ಕೊಂಡಿರೋದು. ಭೂಮಿ ಮೇಲೆ ಮಾಡಿ ಕಳ್ಸೋದಾದ್ರೆ ನಂದು ನೀರ್ ದೋಸೆಗೇ ಓಟು, ಮೆತ್ತಗಿರತ್ತೆ, ಮಡಚಬಹುದು, ಪುಡಿ ಇಲ್ಲ.

ಬದಲಾಗೋದು ತಟ್ಟೆಯಲ್ಲಿರೋ ತಿಂಡಿಯ ರೂಪ ಅಲ್ಲ, ಅದು ಎಲ್ಲಿಂದ ಬರತ್ತೆ ಅನ್ನೋದು. 2013ರಲ್ಲಿ ಲಂಡನ್ನಲ್ಲಿ ದನದ ಜೀವಕೋಶ ಬೆಳೆಸಿ ಮಾಡಿದ ಬರ್ಗರ್ ತಿಂದು ತೋರ್ಸಿದ್ರು, ಖರ್ಚು ಎರಡೂವರೆ ಲಕ್ಷ ಯೂರೋ. 2020ರಲ್ಲಿ ಸಿಂಗಾಪುರ ಇಂಥ ಕೋಳಿ ಮಾಂಸ ಮಾರೋಕೆ ಪರ್ಮಿಷನ್ ಕೊಡ್ತು. ನಗೆಟ್ಸಿಗೆ ಸರಿ, ಆದ್ರೆ ಮೂಳೆ ಇಲ್ದೆ ಕೋರಿ ರೊಟ್ಟಿಯ ಸಾರಿಗೆ ಆ ರುಚಿ ಎಲ್ಲಿಂದ ಬರ್ಬೇಕು? ನನಗಂತೂ ಫಿನ್ಲೆಂಡಿನವರ ಕೆಲಸ ಹೆಚ್ಚು ಇಷ್ಟ, ಹೈಡ್ರೋಜನ್ನು, ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡು ತಿನ್ನಿಸಿ ಬ್ಯಾಕ್ಟೀರಿಯಾ ಬೆಳೆಸಿ ಅದನ್ನ ಒಣಗಿಸಿ ಪ್ರೋಟೀನ್ ಹಿಟ್ಟು ಮಾಡ್ತಾರೆ, ಗದ್ದೆ ಬೇಡ ಮಳೆ ಬೇಡ. ಬ್ಯಾಕ್ಟೀರಿಯಾ ಅಂದ್ರೆ ಮುಖ ಕಿವುಚೋರು ರಾತ್ರಿ ಇಡ್ಲಿ ಹಿಟ್ಟು ಉಬ್ಬಿಸೋದು ಯಾರು ಅಂತ ಒಮ್ಮೆ ಯೋಚಿಸ್ಲಿ.

ಮಗನಿಗೆ ಒಂದು ಕೆಲಸ ಕೊಡಿ. ಶುಕ್ಲಾ ಬಾಹ್ಯಾಕಾಶದಲ್ಲಿ ಹೆಸರುಕಾಳು, ಮೆಂತ್ಯಕ್ಕೆ ಮೊಳಕೆ ಬರಿಸಿದ್ರು, ಅದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತೆ ಐಐಟಿಯವರ ಪ್ರಯೋಗ. ರಾತ್ರಿ ಒಂದು ಮುಷ್ಟಿ ಹೆಸರುಕಾಳು ನೆನೆಹಾಕಿ ಬೆಳಗ್ಗೆ ಒದ್ದೆ ಬಟ್ಟೇಲಿ ಕಟ್ಟಿಡ್ಲಿ, ಮಾರನೇ ದಿನ ಬಿಚ್ಚಿ ನೋಡ್ಲಿ, ಆಮೇಲೆ ಅವನ ಕೈಯಲ್ಲೇ ಉಸಲಿ ಮಾಡ್ಸಿ. ತೊಂಡೆಕಾಯಿ ವಿಷಯದಲ್ಲಿ ಮಾತ್ರ ನನ್ನನ್ನ ಎಳೀಬೇಡಿ, ನನಗೂ ಅದು ಸೇರಲ್ಲ.